ಚೀಜ್ ಪಫಿನ ಹೊಟ್ಟೆಯೊಳಗಿನ ಶಕ್ತಿ

ಈ ಪತ್ರ ಓದಾವರ ಕೈಯಾಗ ಪಫ್ ಇದ್ದರ ಮೊದಲ ಅದನ್ನ ಕೆಳಗಿಡ್ರಿ, ಕೈ ಒರಸಿಕೊಳ್ರಿ. ನಾ ಸಾಲಿ ನಾಕನೇ ಇಯತ್ತೆ ತನಕ ಕಲಿತಾಕಿ, ಒಂದೊಂದ ಅಕ್ಷರ ತಿದ್ದಿ ಬರದೇನಿ; ನಿಮ್ಮ ಎಣ್ಣಿ ಹತ್ತಿ ಅಳಿಸಿಹೋದರ ಮತ್ತ ಬರದುಕೊಡಾವರು ಯಾರು?

ಇಳಕಲ್ಲ ಬಸ್‌ಸ್ಟ್ಯಾಂಡ್ ಹತ್ತಿರದ ಬೇಕರಿ ಮಾಲೀಕರೂ ಸಕಲ ಬಸುರಿಯರ ಹಿತಚಿಂತಕರೂ ಆದ ಅಂದಾನಪ್ಪನವರಿಗೆ ಗುಡೂರಿನ ಗುರುಲಿಂಗವ್ವನ ಶರಣು ಶರಣಾರ್ಥಿ.

ಮಾನ್ಯರೇ, ತಮ್ಮ ಅಂಗಡಿಯ ಬೋರ್ಡಿನ ಮೇಲೆ ‘ಒಂದು ಚೀಜ್ ಪಫ್, ಒಂದು ಲೋಟ ಹಾಲಿನ ಶಕ್ತಿ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೀರಿ. ಎಂಟು ತಿಂಗಳ ಬಸುರಿಯಾದ ನನ್ನ ಮೊಮ್ಮಗಳು ಶಿವಗಂಗಾ ಅದನ್ನು ಶರಣರ ವಚನದಂತೆ ನಂಬಿ, ಹಾಲು, ಕಾಳುಪಲ್ಯ, ಸಜ್ಜಿ ರೊಟ್ಟಿ ಎಲ್ಲವನ್ನೂ ಬಿಟ್ಟು ಮುಂಜಾನೆ ಸಂಜೆ ತಮ್ಮ ಪಫ್ ತಿನ್ನುತ್ತಿದ್ದಾಳೆ. ರಕ್ತ ಭಾಳ ಕಡಿಮಿ ಐತಿ, ಹೆರಿಗೆಯೊಳಗ ತ್ರಾಸ ಆದೀತು ಅಂತ ದವಾಖಾನಿಯ ನರ್ಸಬಾಯಿ ಹೇಳಿ ಕಳಿಸ್ಯಾಳ. ನಾ ಮೆಂತ್ಯಪಲ್ಯ ಬಡಿಸಾಕ ಹೋದರ ಮೊಮ್ಮಗಳು ಕೇಳತಾಳ: “ಆಯೀ, ಅದರ ಶಕ್ತಿ ಬೋರ್ಡ್ ಮ್ಯಾಲ ಬರದಾರ. ನಿನ್ನ ಪಲ್ಯಾದ ಮ್ಯಾಲ ಏನ ಬರದೈತಿ?”

ಹೋದ ವಾರ ಆಕಿಯ ಕುಬಸ, ಸೀಮಂತದ ಕಾರ್ಯ. ಆಕಿಯ ಚಿಗವ್ವ ನಾಗರತ್ನಾ ಬಯಕೆ ಬುತ್ತಿಯಲ್ಲಿ ಕರ್ಚಿಕಾಯಿ ತರುವ ಬದಲು ತಮ್ಮ ಪಫ್ ತಂದಳು. ಅಷ್ಟಕ್ಕೇ ಬಿಡದೆ, ಬಸುರಿಗೆ ಶಕ್ತಿ ಬರಲಿ ಎಂದು ಅಕ್ಕಿ ಕೊಬ್ಬರಿಯ ಜೊತೆ ಅವನ್ನೇ ಉಡಿ ತುಂಬಿದಳು. ಆರತಿ ಮುಗಿದು ಆಕಿ ಎದ್ದು ನಿಂತಾಗ ನೋಡತೇನಿ, ನಮ್ಮ ಮಗ್ಗದಾಗ ನೇಯ್ದ ರೇಷ್ಮಿ ಸೆರಗಿನ ತುಂಬ ಎಣ್ಣಿ! ಶಕ್ತಿ ಎಲ್ಲಿ ಐತಿ ನೋಡೂಣು ಅಂತ ಒಂದು ಪಫ್ ಬಿಚ್ಚಿದೆ. ಒಂದು ಪದರ ಮೈದಾ, ಅದರ ಕೆಳಗ ಮೈದಾ, ಅದರ ಕೆಳಗೂ ಮೈದಾ. ತಳದಾಗ ಉಗುರಿನಷ್ಟು ಚೀಜ್ ನಾಚಿಕೊಂಡು ಕುಂತಿತ್ತು. ಅಷ್ಟರೊಳಗೆ ಒಂದು ಲೋಟ ಹಾಲು ಅಡಗಿಸಿದ ತಮ್ಮ ಜಾಣತನಕ್ಕೆ ಕೈ ಮುಗಿದೆ. ಆ ವಿದ್ಯೆಯನ್ನು ದಯಮಾಡಿ ನಮ್ಮ ಎಮ್ಮಿಗೂ ಕಲಿಸಿಕೊಡಬೇಕು, ಹಿಂಡಿಯ ಖರ್ಚು ಉಳಿತೈತಿ.

ಮತ್ತೊಂದು ವಿನಂತಿ. ಹೆರಿಗೆಯ ದಿನ ತಾವು ಬೋರ್ಡ್ ಹೊತ್ತುಕೊಂಡು ದವಾಖಾನಿಗೆ ಬರಬೇಕು. ರಕ್ತ ಬೇಕೆಂದು ಡಾಕ್ಟರು ಕೇಳಿದರೆ ನಾಕು ಪಫ್ ಹಿಂಡಿ ಬಾಟಲಿ ತುಂಬಿಕೊಡಬೇಕು. ಅಷ್ಟು ಪುರಸತ್ತು ಇಲ್ಲದಿದ್ದರೆ ಬೋರ್ಡ್ ಇಳಿಸ್ರಿ. ಇಳಿಸಾಕ ಮನಸ್ಸಿಲ್ಲಂದರ ಅದರ ಕೆಳಗ, ಅದೇ ದಪ್ಪ ಅಕ್ಷರದಾಗ, ‘ಶಿವಗಂಗಾ, ನಿಮ್ಮ ಆಯಿ ಮಾಡಿದ ಮೆಂತ್ಯಪಲ್ಯ ತಿನ್ನು’ ಅಂತ ಬರೆಸ್ರಿ. ನನ್ನ ಮಾತು ಕೇಳದಾಕಿ ನಿಮ್ಮ ಬೋರ್ಡಿನ ಮಾತು ಕೇಳತಾಳ.

ಬೋರ್ಡಿನ ಮೇಲೆ ಎಳ್ಳಷ್ಟೂ ವಿಶ್ವಾಸವಿಲ್ಲದ
ತಮ್ಮ ವಿಶ್ವಾಸಿ,
ಗುರುಲಿಂಗವ್ವ

ತಾ.ಕ.: ಸೆರಗಿನ ಎಣ್ಣಿ ಎಷ್ಟು ತೊಳೆದರೂ ಹೋಗಿಲ್ಲ. ಆ ಸೀರಿಯನ್ನೇ ಕೂಸಿನ ತೊಟ್ಟಿಲಿಗೆ ಹಾಸತೀವಿ. ಈ ಎಣ್ಣಿ ಕಲೆ ಯಾರದು ಅಂತ ಬಂದವರು ಕೇಳಿದರ ತಮ್ಮ ಹೆಸರು ಹೇಳತೇನಿ. ಕೂಸು ಮುಂದಿನ ತಿಂಗಳು ಬರತೈತಿ. ತಮ್ಮ ಉತ್ತರ ಅದಕ್ಕಿಂತ ಮೊದಲ ಬರಬೇಕು.