ಕೆಳಗಿಳಿದ ‘ಮೆಡಿಕಲ್’ ಫಲಕದ ಸನ್ನಿಧಿಗೆ

ಮಾನ್ಯ ನಾಮಫಲಕದವರೇ,

ಈ ತೆಲುಗು ಊರಿನ ನಾರಾಯಣಗೂಡ ಬಡಾವಣೆಯಲ್ಲಿರುವ ನಮ್ಮ ಪ್ರಾದೇಶಿಕ ಮೆಡಿಕಲ್ ಸೋಶಿಯಾಲಜಿ ಬಳಗದ ಕಾರ್ಯದರ್ಶಿಯಾದ ನಾನು, ಕಕ್ಕಸಿನ ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ನಿಂತಿರುವ ತಮಗೆ ತಲೆಬಾಗಿ ವಂದಿಸಿ, ತಮ್ಮ ಮೇಲಿನ ದೂರನ್ನು ತಮಗೇ ಸಲ್ಲಿಸುತ್ತಿದ್ದೇನೆ.

ಊರೆಲ್ಲ ಕಂಪ್ಯೂಟರಿನ ಜಾವಾ ಭಾಷೆ ಕಲಿಯಲು ನೂಕಾಡುತ್ತಿರುವ ಈ ಕಾಲದಲ್ಲಿ, ಕಾಯಿಲೆ ಬಿದ್ದವರು ಏನು ಪಾಡು ಪಡುತ್ತಾರೆ, ಡಾಕ್ಟರ ಮುಂದೆ ಹೇಗೆ ಮಾತಾಡುತ್ತಾರೆ ಎಂದು ಅಧ್ಯಯನ ಮಾಡುವವರನ್ನು ಒಂದೆಡೆ ಕೂಡಿಸಲು ನಾವು ಹೆಣಗಿದ್ದು ತಮಗೆ ಗೊತ್ತೇ ಇದೆ. ಬಳಗದ ಈ-ಮೇಲ್ ಗ್ರೂಪಿನಲ್ಲಿ ಸದಸ್ಯರು ಯುಗಾದಿಯ ಶುಭಾಶಯ ಬಿಟ್ಟು ಬೇರೇನೂ ಬರೆಯರು. ಸಭೆಗೆ ಊಟದ ಹೊತ್ತಿಗೆ ಸರಿಯಾಗಿ ಬಂದು, ಕೈ ತೊಳೆದ ಮೇಲೆ ಕಾಣಸಿಗರು. ಹೀಗಿರುವಾಗ, ಪೇಂಟರ್ ಮಾಣಿಕಪ್ಪ ‘ಮೆಡಿಕಲ್’ ಎಂದು ಗೇಣುದ್ದ ಬರೆದು, ಜಾಗ ಸಾಲದೆ ‘ಸೋಶಿಯಾಲಜಿ’ಯನ್ನು ಮೂಲೆಗೆ ತುರುಕಿ, ತನ್ನ ಖುಷಿಗೆ ಒಂದು ಕೆಂಪು ಪ್ಲಸ್ಸನ್ನೂ ಎಳೆದದ್ದೇ ತಡ, ತಾವು ಔಷಧಿ ಅಂಗಡಿಯ ವೇಷ ತೊಟ್ಟು ಇಡೀ ಬೀದಿಯನ್ನು ನಮ್ಮ ಮೆಟ್ಟಿಲು ಹತ್ತಿಸಿದಿರಿ.

ಪಕ್ಕದ ಕಂಪ್ಯೂಟರ್ ಕೋಚಿಂಗ್ ಕಟ್ಟಡಕ್ಕೆ ಇಟ್ಟಿಗೆ ಹೊರುವ, ಯಾದಗಿರಿ ಕಡೆಯ ಗದಿಗೆಮ್ಮ ಗಂಡನ ಕೆಮ್ಮಿನ ಗುಳಿಗೆ ಹಿಡಿದು ಬಂದು, “ಡಾಕ್ಟರು ತೆಲುಗಿನ್ಯಾಗ ಭಾಳ ಹೇಳ್ಯಾರ್ರಿ ಅಕ್ಕಾರ, ನಾ ಎಲ್ಲಾದಕ್ಕೂ ಹೂಂ ಅಂದು ಬಂದೀನಿ, ಇದರಾಗ ಯಾವ್ದು ಮುಂಜಾನಿದು, ಯಾವ್ದು ರಾತ್ರಿದು ಹೇಳ್ರಿ,” ಎಂದಾಗ, ನಮ್ಮ ಶಾಸ್ತ್ರವೇ ನಡೆದುಕೊಂಡು ಬಂತೆಂದು ಹಿಗ್ಗಿದೆ. ಚೀಟಿ ಓದಿ ಹೇಳಿ, ಮುಂದಿನ ಗುಳಿಗೆಯನ್ನೂ ತಂದು ತೋರಿಸು ಎಂದೆ. ಆದರೆ ಒಳಗೆ ನಮ್ಮ ಅಧ್ಯಕ್ಷ ಗುರುಸಿದ್ದಪ್ಪನವರು ‘ಬಡ ರೋಗಿಗಳು ಬಾಯಿ ಬಿಡದಿರಲು ಕಾರಣಗಳು’ ಎಂಬ ಪ್ರಬಂಧ ಓದುತ್ತಿದ್ದರು. “ಏನ್ರೀ ಅದು ಗದ್ದಲಾ? ಬಾಗಿಲಾ ಹಾಕ್ರಿ!” ಎಂದು ಗದರಿದವರು ಮರುದಿನವೇ ತಮ್ಮನ್ನು ಇಳಿಸಿದರು. ತಾವೂ ಚಕಾರವೆತ್ತದೆ ಇಳಿದಿರಿ. ನನ್ನ ದೂರು ಅದೇ.

ಮೊನ್ನೆ ಗದಿಗೆಮ್ಮ ಹೊಸ ಗುಳಿಗೆಯ ಪೊಟ್ಟಣ ಹಿಡಿದು ಬೀದಿಯಲ್ಲಿ ನಿಂತು, ತಲೆಯೆತ್ತಿ ತಮ್ಮನ್ನು ಹುಡುಕಿ, ಅಂಗಡಿ ಎತ್ತಿಹೋಯಿತೆಂದುಕೊಂಡು ಹಿಂದಿರುಗಿದಳು. ಕಿಟಕಿಯಿಂದ ಕಂಡ ನಾನು ಕೆಳಗೋಡುವಷ್ಟರಲ್ಲಿ ಅವಳಿರಲಿಲ್ಲ. ಅವತ್ತೇ ಅವರ ಕೂಲಿ ತಂಡ ಊರ ಅಂಚಿನ ಉಪ್ಪಲ್ ಕಡೆಯ ಕೆಲಸಕ್ಕೆ ಹೊರಟಿತಂತೆ. ಆ ಗುಳಿಗೆಗಳನ್ನು ಗಂಡನಿಗೆ ಹೇಗೆ ಕೊಡುತ್ತಿದ್ದಾಳೋ, ಯಾರನ್ನು ಕೇಳುತ್ತಿದ್ದಾಳೋ.

ಆದ್ದರಿಂದ ತಾವು ದಯಮಾಡಿ ಮೊಳೆ ಸಮೇತ ಎದ್ದು, ಸಿಟಿ ಬಸ್ಸು ಹಿಡಿದು ಉಪ್ಪಲ್‌ಗೆ ಹೋಗಿ, ಅವಳ ಗುಡಿಸಲ ಮುಂದೆ ನಿಲ್ಲಬೇಕು. ಮರಳಿದ ಮೇಲೆ ಬಳಗದ ಅಧ್ಯಕ್ಷ ಸ್ಥಾನವನ್ನೂ ಅಲಂಕರಿಸಬೇಕು. ಜನರನ್ನು ಕೂಡಿಸಿದ ಅನುಭವ ನಮ್ಮಲ್ಲಿ ತಮಗೊಬ್ಬರಿಗೇ ಇರುವುದು.

ಅಧ್ಯಕ್ಷರಿಗಿಂತ ತಮ್ಮನ್ನೇ ಹೆಚ್ಚು ನಂಬಿರುವ,
ತಮ್ಮ ವಿಶ್ವಾಸಿ,
ಪ್ರಫುಲ್ಲಾ

ತಾ.ಕ.: ಹೊಸ ಫಲಕದಲ್ಲಿ ‘ಸಮಾಜಶಾಸ್ತ್ರ’ ಎಂದು ದಪ್ಪಗೆ ಬರೆಸಿದ್ದಾರೆ. ಮೆಟ್ಟಿಲ ಬಳಿ ಒಬ್ಬರೂ ಸುಳಿಯುತ್ತಿಲ್ಲ. ಬಡ ರೋಗಿಗಳು ಬಾಯಿ ಬಿಡುವುದಿಲ್ಲವೆಂಬುದಕ್ಕೆ ಗುರುಸಿದ್ದಪ್ಪನವರಿಗೆ ಈಗ ಪುರಾವೆಯೂ ಸಿಕ್ಕಿದೆ.