ಬಾವಿಗೆ ನೀರು ಹೊಯ್ದ ಮಾವ

ಬಾವಿಯಿಂದ ನೀರು ಸೇದುವವರನ್ನು ನೀವೆಲ್ಲ ನೋಡಿದ್ದೀರಿ. ಬಾವಿಗೆ ನೀರು ಹೊಯ್ಯುವವರನ್ನು? ನಾನು ಒಬ್ಬರನ್ನೇ ಕಂಡದ್ದು. ಅವರು ನನ್ನ ಸೋದರಮಾವ. ಅವರಿಗೆ ಹುಚ್ಚು ಹಿಡಿದಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅತ್ತೆಯ ಅಭಿಪ್ರಾಯ ಬೇರೆ ಇತ್ತು.

ಎಂಬತ್ತರ ದಶಕದ ಕೊನೆ ಇರಬೇಕು. ನನ್ನ ಆಗಿನ ಡೈರಿಯಲ್ಲಿ ಇಸವಿ ಬರೆದಿಲ್ಲ, ನೆನಪು ಪ್ರತಿ ಸಲ ಬೇರೆ ಇಸವಿ ಹೇಳುತ್ತದೆ. ಧಾರವಾಡದಲ್ಲಿ ಎಂ.ಎ. ಪರೀಕ್ಷೆ ಮುಗಿಸಿ ಅಂಕೋಲೆಯ ಮಾವನ ಮನೆಗೆ ಬಂದಿದ್ದೆ. ಮಾವ ಕಾರವಾರದ ಕಚೇರಿಯೊಂದರಲ್ಲಿ ನಕ್ಷೆ ಬರೆಯುವವರು. ಗುಡ್ಡದ ಹೊಟ್ಟೆಯಲ್ಲಿ ಬಂಡೆ ಕೊರೆದು ಗುಹೆ ಮಾಡಿ, ಅದರಲ್ಲಿ ಎಣ್ಣೆ ತುಂಬಿಡಬಹುದೇ ಎಂದು ಆ ಕಚೇರಿ ಪರೀಕ್ಷಿಸುತ್ತಿತ್ತು. ಗುಹೆಗೆ ತಗಡಿನ ಒಳಗೋಡೆ ಬೇಡವಂತೆ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನೀರು ತುಂಬಿದ್ದರೆ ಅದರ ಒತ್ತಡವೇ ಎಣ್ಣೆಯನ್ನು ಹೊರಹೋಗದಂತೆ ತಡೆಯುತ್ತದಂತೆ. ಇದನ್ನು ಮಾವ ಬಸ್‌ಸ್ಟ್ಯಾಂಡಿನಲ್ಲಿ, ಕ್ಷೌರದಂಗಡಿಯಲ್ಲಿ, ಒಂದು ಸಾವಿನ ಮನೆಯಲ್ಲೂ ವಿವರಿಸಿದ್ದರು. ನಮ್ಮ ಕಡೆಯ ಬಂಡೆಗೆ ಅಷ್ಟು ಯೋಗ್ಯತೆ ಇದೆಯೇ ಎಂದು ಅವರ ಸಾಹೇಬರಿಗೇ ಅನುಮಾನ. ಮಾವನಿಗೆ ಅದು ಸ್ವಂತ ಅವಮಾನ.

ನಾನು ಬರುವಷ್ಟರಲ್ಲಿ ಅವರು ಸಾಹೇಬರಿಗೆ ತೋರಿಸಿಕೊಡಲೆಂದು ಹಿತ್ತಲಿನ ಕರಿಬಂಡೆಯಲ್ಲಿ ಆಳುದ್ದದ ಕುಳಿ ಕಡಿಸಿ, ಮನೆಯ ಸೀಮೆಎಣ್ಣೆಯನ್ನೆಲ್ಲ ಅದಕ್ಕೆ ಸುರಿದಾಗಿತ್ತು. ಅತ್ತೆ ಸೌದೆ ಒಲೆಗೆ ಮರಳಿದ್ದರು. ಕುಳಿಯಿಂದ ಹತ್ತು ಹೆಜ್ಜೆಗೆ ಬಾವಿ, ಆ ಕೇರಿಯಲ್ಲೇ ಸಿಹಿಯಾದ ನೀರು.

"ಬೆಲ್ಲದ ಡಬ್ಬಿ ಸುತ್ತ ನೀರು ಇಟ್ಟು ಇರುವೆ ತಡೀತೀಯಲ್ಲ, ಇದೂ ಅದೇ" ಎಂದರು ಮಾವ, ಅತ್ತೆಗೆ.

"ಬೆಲ್ಲಕ್ಕೆ ಡಬ್ಬಿ ಉಂಟು. ನಿಮ್ಮ ಎಣ್ಣೆಗೆ ಡಬ್ಬಿ ಎಲ್ಲುಂಟು?" ಎಂದರು ಅತ್ತೆ.

ಈ ಪ್ರಶ್ನೆಯನ್ನು ಕಾರವಾರದ ಕಚೇರಿಯಲ್ಲೂ ಯಾರೂ ಇಷ್ಟು ಚುಟುಕಾಗಿ ಕೇಳಿರಲಿಕ್ಕಿಲ್ಲ.

ತೊಂದರೆ ಇದ್ದದ್ದು ಬಾವಿಯಲ್ಲಿ. ಅದರ ನೀರು ಇಳಿದರೆ ಬಂಡೆಯೊಳಗಿನ ಒತ್ತಡವೂ ಇಳಿದು, ಎಣ್ಣೆ ನೇರ ಬಾವಿಗೇ ಬರುತ್ತದೆ. ಆದ್ದರಿಂದ ಬಾವಿಯ ಗೋಡೆಗೆ ಕೆಂಪು ಗೆರೆ ಬಂತು. ಗೆರೆಯ ಕೆಳಗೆ ಸೇದುವಂತಿಲ್ಲ. ಅತ್ತೆ ಬಟ್ಟೆ ಒಗೆದ ದಿನ ಮಾವ ಹಳ್ಳದಿಂದ ಎರಡೆರಡು ಕೊಡ ಹೊತ್ತು ತಂದು ಬಾವಿಗೆ ಸುರಿಯುತ್ತಿದ್ದರು. ದಾರಿಹೋಕ ಮುದುಕನೊಬ್ಬ ನಿಂತು ನೋಡಿ, ಬಹಳ ಮರ್ಯಾದೆಯಿಂದ ಕೇಳಿದ: "ಒಡೇರೆ, ಬಾವಿಗೆ ಬಾಯಾರ್ಕೆಯಾ?"

ಕೊನೆಗೆ ಸಾಹೇಬರು ಕುಳಿ ನೋಡಲು ಒಪ್ಪಿದರು. ಸೋಮವಾರ ಬರುತ್ತೇನೆಂದರು. ಮಾವ ಗಡ್ಡ ಹೆರೆದುಕೊಂಡದ್ದು ಗುರುವಾರವೇ.

ಶುಕ್ರವಾರ ಕೇರಿಯ ಉಳಿದ ಬಾವಿಗಳು ಉಪ್ಪಾದವು. ಕಡಲ ಪಕ್ಕದ ಊರು, ಮೇ ತಿಂಗಳಲ್ಲಿ ಹಾಗಾಗುವುದುಂಟು. ಕೊಡ ಹಿಡಿದ ಹೆಂಗಸರು ನಮ್ಮ ಹಿತ್ತಲಿಗೆ ಬಂದು ನಿಂತರು. ಎಲ್ಲರೂ ಸೇದಿದರೆ ನೀರು ಗೆರೆ ದಾಟುತ್ತದೆ. ಎಣ್ಣೆ ಬಂದರೆ ಆ ಕೊನೆಯ ಸಿಹಿ ಬಾವಿಯೂ ಹೋಗುತ್ತದೆ. ಸೋಮವಾರಕ್ಕೆ ಇನ್ನು ಮೂರು ದಿನ. ಮಾವ ಬಾವಿಯನ್ನು ನೋಡಿದರು, ಕೊಡಗಳನ್ನು ನೋಡಿದರು, ಪಂಚೆ ಎತ್ತಿ ಕಟ್ಟಿ ಕುಳಿಗೆ ಇಳಿದರು. ತೆಂಗಿನ ಕರಟದಲ್ಲಿ ಎಣ್ಣೆ ಮೊಗೆದು ನನಗೆ ಕೊಡುತ್ತ, "ನೀರು ಕೇಳಿ ಬಂದವ್ರಿಗೆ ಸೋಮವಾರ ಬನ್ನಿ ಅನ್ನೂಕೆ ಆಗ್ತದಾ ತಮಾ?" ಎಂದರು. ಕುಳಿ ಬರಿದಾಗುವತನಕ ಹೆಂಗಸರು ಕಾದರು.

ಸೋಮವಾರ ಸಾಹೇಬರು ಬಂದು ಬರಿ ಕುಳಿಯೊಳಗೆ ಇಣುಕಿದರು. ಇದರಲ್ಲಿ ಏನಿತ್ತೆಂದು ನಂಬುವುದು ಹೇಗೆ ಎಂದು ಕೇಳಿದರು. ಊರಿಗೆಲ್ಲ ವಿವರಿಸಿದ್ದ ಮಾವ ಎಣ್ಣೆ ಮೊಗೆದ ಕರಟವನ್ನಷ್ಟೇ ಎತ್ತಿ ತೋರಿಸಿದರು.

ಅತ್ತೆ ಬಾವಿಯಿಂದ ಒಂದು ತಂಬಿಗೆ ನೀರು ಸೇದಿ ತಂದು ಸಾಹೇಬರ ಕೈಗಿಟ್ಟರು.

"ಎರಡು ತಿಂಗಳು ಎಣ್ಣೆ ಅಲ್ಲೇ ಇತ್ತು ಸಾಹೇಬ್ರೆ. ಎರಡು ತಿಂಗಳೂ ನಾ ಇದೇ ನೀರು ಕುಡದದ್ದು. ಇವ್ರ ಲೆಕ್ಕ ತಪ್ಪೂದಿಲ್ಲ."

ಸಾಹೇಬರು ಕುಡಿದರು. ಮಾವ ಆಗ ಅತ್ತರೆಂದು ನನ್ನ ನೆನಪು ಹೇಳುತ್ತದೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಡೈರಿಯಲ್ಲಿ ಇರುವುದು ಇಷ್ಟೇ: ಅವತ್ತು ಮಾವ ಅತ್ತೆಯ ಪಕ್ಕದಲ್ಲಿ ಹೋಗಿ ನಿಂತರು.