ಎಂಟಕ್ಕೆ ಎಂಟು

ಇಷ್ಟೆಲ್ಲ ಅನರ್ಥಕ್ಕೆ ಕಾರಣ ಆಸ್ಪತ್ರೆಯ ಗುಮಾಸ್ತರ ಮಂಡಿನೋವು. ಹಿಂದಿನ ದಿನ ಲಸಿಕೆ ಹಾಕಿಸಿಕೊಂಡ ಅರವತ್ತು ಮಕ್ಕಳಲ್ಲಿ ಎಷ್ಟು ಮಂದಿಗೆ ಜ್ವರ ಬಂತೆಂದು ಮನೆಮನೆಗೆ ಹೋಗಿ ಕೇಳಲು ಡಾಕ್ಟರಮ್ಮ ಹೇಳಿದ್ದರು. ಇವರು ಹೋದದ್ದು ಔಷಧಿ ಕಿಟಕಿಯವರೆಗೆ. ಹಿಂದಿನ ದಿನ ಲಸಿಕೆ ಹಾಕಿಸಿ ಅಲ್ಲಿ ಸಾಲಿನಲ್ಲಿ ನಿಂತಿದ್ದ ಎಂಟು ತಾಯಂದಿರನ್ನು ಕೇಳಿದರು. ಎಂಟಕ್ಕೆ ಎಂಟೂ ಜ್ವರ! ಹಾಗೆಯೇ ಬರೆದರು.

ಆ ಹಾಳೆಯನ್ನು ಡಾಕ್ಟರಮ್ಮನ ಬಳಿಗೆ ಒಯ್ದ ಜವಾನ ದಾರಿಯುದ್ದಕ್ಕೂ ಎಲ್ಲರಿಗೂ ಓದಿ ಹೇಳಿದ. ಹನ್ನೊಂದು ಗಂಟೆಗೆ ಲಸಿಕೆ ಕೋಣೆ ಖಾಲಿ.

"ಜ್ವರದ ಔಷಧಿಗೆ ಬಂದೋರನ್ನೇ ಜ್ವರ ಇದೆಯಾ ಅಂತ ಕೇಳ್ತಾರೇನ್ರೀ? ಆರಾಮಾಗಿರೋರು ಆ ಕಿಟಕಿ ಹತ್ರ ಯಾಕೆ ಬರ್ತಾರೆ?" ಡಾಕ್ಟರಮ್ಮ ತಲೆ ಚಚ್ಚಿಕೊಂಡರು. "ಅರವತ್ತು ಮನೆಗೂ ಫೋನ್ ಮಾಡಿ. ಇವತ್ತು ಹಾಕಿಸ್ಕೋಬೇಕಾಗಿದ್ದ ಅರವತ್ತು ಮನೆಗೂ ಕೇಳಿ. ಎಲ್ಲಾ ಕಡೆ ನೆಗಡಿ ಜ್ವರ ಇದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ರೆ ತಾನೇ ಗೊತ್ತಾಗೋದು?"

ಗುಮಾಸ್ತರಿಗೆ ಆಗ ಮಗಳ ನೆನಪಾಯಿತು. ಇವತ್ತೇ ಲಸಿಕೆಯ ಕೊನೆಯ ದಿನ. ಬಾಣಂತನಕ್ಕೆ ಬಂದಿದ್ದ ಮಗಳು ನಾಳೆ ಬೆಳಿಗ್ಗೆ, ಇನ್ನೂ ಲಸಿಕೆ ಹಾಕಿಸದ ಕೂಸಿನೊಂದಿಗೆ, ಗಂಡನ ಬಳಿಗೆ ಹೊರಡುವವಳು. ಅಳಿಯ ಅಣೆಕಟ್ಟು ಕಟ್ಟುವ ಜಾಗದಲ್ಲಿದ್ದ. ಅಲ್ಲಿಂದ ಆಸ್ಪತ್ರೆಗೆ ಒಂದು ದಿನದ ದಾರಿ. ಈ ಸುದ್ದಿ ಕೇಳಿ ಅವಳೂ ಹೆದರಿ ಕೂತುಬಿಟ್ಟರೆ? ಸರಿಯಾದ ಲೆಕ್ಕ ಕೈಯಲ್ಲಿಲ್ಲದೆ ಅವಳಿಗೆ ಹೇಳುವುದಾದರೂ ಏನು?

ಕೋಣೆಯ ಬಾಗಿಲು ಹಾಕಿಕೊಂಡು ಫೋನಿಗೆ ಅಂಟಿಕೊಂಡರು. ಕೆಲವರು ಬೈದರು. ಒಬ್ಬ ಅಜ್ಜಿ ತನ್ನ ಸೊಂಟನೋವನ್ನೂ ಬರೆದುಕೊಳ್ಳಲು ಹಟ ಹಿಡಿದಳು. ಐದು ಗಂಟೆಗೆ ಲೆಕ್ಕ ಮುಗಿಯಿತು. ಲಸಿಕೆ ಹಾಕಿಸಿಕೊಂಡವರಲ್ಲಿ ಒಂಬತ್ತು ಜ್ವರ, ಹಾಕಿಸಿಕೊಳ್ಳದವರಲ್ಲಿ ಎಂಟು!

ಮಂಡಿನೋವು ಮರೆತು ಮನೆಗೆ ಓಡಿದರು. "ಮಗಳೇ, ಬೆಳಿಗ್ಗೆ ಬರೆದದ್ದು ಶುದ್ಧ ತಪ್ಪು! ನೀನು ಹೆದರಬೇಡ. ಡಾಕ್ಟರಮ್ಮನ ಕೈಕಾಲು ಹಿಡಿದಾದ್ರೂ ಈಗಲೇ ಹಾಕಿಸ್ತೀನಿ, ನಡಿ."

ಮಗಳು ಬಟ್ಟೆ ಮಡಚುತ್ತಿದ್ದಳು. "ನಾನೆಲ್ಲಿ ಹೆದರಿದೆ ಅಪ್ಪಾ? ನೀನು ಕೂತಲ್ಲೇ ಬರೆದಿರ್ತೀಯ ಅಂತ ನಂಗೆ ಗೊತ್ತಿಲ್ವಾ? ಮೂರು ಗಂಟೆಗೇ ಮಗೂನ ಎತ್ಕೊಂಡು ಆಸ್ಪತ್ರೆಗೆ ಬಂದಿದ್ದೆ."

"ಹಾಕಿದ್ರಾ?"

"ಇಲ್ಲ. ಒಂದು ಸೀಸೆ ಹತ್ತು ಮಕ್ಕಳಿಗಂತೆ. ಒಂದ್ಸಲ ತೆರೆದ್ರೆ ಉಳಿದಿದ್ದನ್ನ ಸಂಜೆ ಚೆಲ್ಲಬೇಕಂತೆ. ಇನ್ನೊಂದು ನಾಲ್ಕು ಮಕ್ಕಳಾದ್ರೂ ಬರಲಿ ಅಂದ್ರು ನರ್ಸಮ್ಮ. ಒಂದೂವರೆ ಗಂಟೆ ಕಾದೆ. ಒಬ್ರೂ ಬರಲಿಲ್ಲ. ನಿನ್ನನ್ನ ಕರೀರಿ ಅಂದೆ, ಲೆಕ್ಕಕ್ಕೆ ಕೂತಿದಾರೆ, ಬಾಗಿಲು ತಟ್ಟಬಾರದು ಅಂದ್ರು. ಆಮೇಲೆ ಲಸಿಕೆ ಡಬ್ಬಿ ವ್ಯಾನಿಗೆ ಹಾಕಿ ಕಳಿಸಿಬಿಟ್ರು."

ಗುಮಾಸ್ತರು ಕೈಯಲ್ಲಿದ್ದ ಲೆಕ್ಕದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ತೊಟ್ಟಿಲಲ್ಲಿ ಮೊಮ್ಮಗಳು ಅವರನ್ನು ನೋಡಿ ನಗುತ್ತಿದ್ದಳು. ಆ ನಗುವನ್ನು ಎದುರಿಸಲಾರದೆ ಅವರು ಮುಖ ತಿರುಗಿಸಿಕೊಂಡರು.